ಕಡಲಾಮೆ ಮೊಟ್ಟೆ ಇಡೋದನ್ನ ನೋಡೋಕೆ ಹೋಗ್ತೀರಾ? ಹೊರಡೋ ಮುಂಚೆ ಇದನ್ನ ಓದಿ

ಮೊದಲೇ ಹೇಳಿಬಿಡುತ್ತೇನೆ. ಕಡಲಾಮೆ ನೋಡಲು ಹೋಗುವುದು ಅಂದರೆ ಹೆಚ್ಚಿನ ಹೊತ್ತು ಕತ್ತಲಲ್ಲಿ ಸುಮ್ನೆ ಕೂರುವುದು. ಸೊಳ್ಳೆ ಕಚ್ಚುತ್ತದೆ, ಬಟ್ಟೆಯೊಳಗೆಲ್ಲ ಮರಳು ಸೇರುತ್ತದೆ, ಫೋನ್ ಹೊರಗೆ ತೆಗೆಯುವ ಹಾಗಿಲ್ಲ, ಇಷ್ಟೆಲ್ಲ ಆದಮೇಲೂ ಕೆಲವು ರಾತ್ರಿ ಒಂದು ಆಮೆಯೂ ಬರುವುದಿಲ್ಲ. ಇದಕ್ಕೆ ಒಪ್ಪಿಗೆ ಇದ್ದರೆ ಮುಂದೆ ಓದಿ. ಇಲ್ಲ ಅಂದರೆ ಮನೆಯಲ್ಲೇ ಒಳ್ಳೆಯ ವಿಡಿಯೋ ಹಾಕಿಕೊಂಡು ನೋಡಿ, ಅದರಲ್ಲಿ ತಪ್ಪೇನಿಲ್ಲ.

ಯಾಕೆ ಇಷ್ಟು ಬಿಗಿ ಅಂದರೆ, ಕಡಲಾಮೆ ನೆಲಕ್ಕೆ ಬರುವುದು ಹೆಚ್ಚುಕಮ್ಮಿ ಈ ಒಂದು ಕೆಲಸಕ್ಕೆ ಮಾತ್ರ. ಗಂಡು ಆಮೆಯಂತೂ ಮರಿಯಾಗಿದ್ದಾಗ ನೀರಿಗಿಳಿದರೆ ಬಹುತೇಕ ಮತ್ತೆ ದಂಡೆ ಹತ್ತುವುದೇ ಇಲ್ಲ. ನೀರಲ್ಲಿ ಸಲೀಸಾಗಿ ಹಾರುವಂತೆ ಈಜುವ ಪ್ರಾಣಿ ಮರಳಿನ ಮೇಲೆ ತನ್ನ ಭಾರವನ್ನೇ ಎಳೆಯಲಾರದೆ ನಾಲ್ಕು ಹೆಜ್ಜೆಗೊಮ್ಮೆ ನಿಂತು ಉಸಿರು ಬಿಡುತ್ತದೆ. ಆ ಹೊತ್ತಿನಲ್ಲಿ ಸಣ್ಣದೊಂದು ಬೆಳಕು ಕಂಡರೂ, ಏನಾದರೂ ಅಲ್ಲಾಡಿದರೂ ಹೆದರಿ ವಾಪಸ್ ಹೋಗುತ್ತದೆ. ಆದರೆ ಒಮ್ಮೆ ಮೊಟ್ಟೆ ಇಡಲು ಶುರು ಮಾಡಿದರೆ ಸಾಮಾನ್ಯವಾಗಿ ನಡುವೆ ನಿಲ್ಲಿಸುವುದಿಲ್ಲ. ಹಾಗಾಗಿ ನೀವು ನೆನಪಿಡಬೇಕಾದ್ದು ಒಂದೇ ಗೆರೆ: ಮೊಟ್ಟೆ ಶುರುವಾಗುವ ಮುಂಚೆ, ಶುರುವಾದ ಮೇಲೆ. ಕೆಳಗೆ ಬರೆದಿರುವುದೆಲ್ಲ ಈ ಗೆರೆಯ ಆಚೆ ಈಚೆಯದ್ದೇ.

1. ಯಾವಾಗ ಹೋಗಬೇಕು ಅಂತ ಮೊದಲು ನೋಡಿಕೊಳ್ಳಿ

ಜಗತ್ತಿನಲ್ಲಿ ಕಡಲಾಮೆಗಳು ಏಳು ಜಾತಿ. ಹಸಿರು ಕಡಲಾಮೆ, ಆಲಿವ್ ರಿಡ್ಲಿ, ಕೆಂಪ್ಸ್ ರಿಡ್ಲಿ, ಹಾಕ್ಸ್‌ಬಿಲ್, ಲಾಗರ್‌ಹೆಡ್, ಲೆದರ್‌ಬ್ಯಾಕ್, ಮತ್ತೆ ಆಸ್ಟ್ರೇಲಿಯಾದಲ್ಲಿ ಮಾತ್ರ ಗೂಡು ಮಾಡುವ ಫ್ಲಾಟ್‌ಬ್ಯಾಕ್. ಯಾವ ದಂಡೆಗೆ ಯಾವ ಜಾತಿ ಯಾವ ತಿಂಗಳು ಬರುತ್ತದೆ ಅನ್ನುವುದು ಆಯಾ ದಂಡೆಗೇ ಬೇರೆ. ಕೋಸ್ಟರಿಕಾದ ಟೋರ್ಟುಗೆರೋದಲ್ಲಿ ಹಸಿರು ಆಮೆಗಳಿಗೆ ಜುಲೈಯಿಂದ ಅಕ್ಟೋಬರ್. ಟ್ರಿನಿಡಾಡ್‌ನ ಗ್ರಾಂಡ್ ರಿವಿಯೇರ್‌ನಲ್ಲಿ ಲೆದರ್‌ಬ್ಯಾಕ್ ನೋಡಬೇಕಾದರೆ ಮಾರ್ಚ್‌ನಿಂದ ಆಗಸ್ಟ್. ಒಡಿಶಾದ ಗಹಿರ್‌ಮಾಥಾ ಮತ್ತು ಋಷಿಕುಲ್ಯಾದಲ್ಲಿ ಆಲಿವ್ ರಿಡ್ಲಿಗಳು ಚಳಿಗಾಲದ ಕೊನೆಯಿಂದ ಬೇಸಿಗೆಯ ಶುರುವಿನವರೆಗೆ ಬರುತ್ತವೆ. ಒಮಾನ್‌ನ ರಾಸ್ ಅಲ್ ಜಿಂಜ್‌ನಲ್ಲಿ ವರ್ಷವಿಡೀ ಒಂದಾದರೂ ಕಾಣುವ ಸಂಭವ ಇದೆ. ಟಿಕೆಟ್ ಬುಕ್ ಮಾಡಿ ಆಮೇಲೆ ಆಮೆ ಬರುತ್ತಾ ಅಂತ ಕೇಳುವವರೇ ಜಾಸ್ತಿ. ಅದನ್ನು ಉಲ್ಟಾ ಮಾಡಿ.

ಗೂಡಿನ ಕಾಲ ಬೇರೆ, ಮರಿಗಳ ಕಾಲ ಬೇರೆ ಅನ್ನುವುದನ್ನೂ ಮರೆಯಬೇಡಿ. ಮೊಟ್ಟೆ ಇಟ್ಟ ಮೇಲೆ ಮರಿ ಹೊರಬರಲು ಸುಮಾರು 45ರಿಂದ 70 ದಿನ ಬೇಕು. ತಾಯಿ ಆಮೆ ನೋಡಬೇಕಾ, ಮರಿ ನೋಡಬೇಕಾ ತೀರ್ಮಾನ ಮಾಡಿ. ಎರಡೂ ಬೇಕಾದರೆ ಸೀಸನ್ನಿನ ಮಧ್ಯಭಾಗ ದಾಟಿದ ಮೇಲೆ ಹೋದರೆ ಅದೃಷ್ಟ ಇದ್ದಂತೆ.

ದಿನದ ಲೆಕ್ಕ: ಸಾಮಾನ್ಯವಾಗಿ ರಾತ್ರಿ. ಕೆಂಪ್ಸ್ ರಿಡ್ಲಿ ಮಾತ್ರ ಹಗಲಲ್ಲೇ ಬರುವ ಆಸಾಮಿ. ಬಹಳಷ್ಟು ದಂಡೆಗಳಲ್ಲಿ ಉಬ್ಬರದ ಹೊತ್ತಿನ ಹಿಂದೆಮುಂದೆ ಬರುವುದು ಜಾಸ್ತಿ, ಯಾಕೆಂದರೆ ನೀರು ಮೇಲೆ ಬಂದಷ್ಟೂ ಆಮೆ ತೆವಳಬೇಕಾದ ದೂರ ಕಮ್ಮಿ. ಆ ದಿನದ ಉಬ್ಬರ ಇಳಿತದ ಪಟ್ಟಿ ನೋಡಿಕೊಂಡರೆ ಎಷ್ಟೊತ್ತಿಗೆ ಕಾಯಬೇಕು ಅನ್ನುವ ಅಂದಾಜು ಸಿಗುತ್ತದೆ.

ಸಾವಿರಾರು ಆಮೆಗಳು ಒಟ್ಟಿಗೆ ದಂಡೆಗೆ ಬರುವ ದೃಶ್ಯ ಇದೆಯಲ್ಲ, ಅರಿಬಾಡಾ ಅಂತ ಕರೆಯುತ್ತಾರೆ, ಅದು ಎರಡು ರಿಡ್ಲಿ ಜಾತಿಗಳಲ್ಲಿ ಮಾತ್ರ ಆಗುವಂಥದ್ದು. ಅದನ್ನೇ ನೋಡುತ್ತೇನೆ ಅಂತ ಹಟ ಹಿಡಿದರೆ ನಿರಾಸೆ ಆಗುವ ಸಂಭವವೇ ಹೆಚ್ಚು. ಯಾವ ರಾತ್ರಿ ಶುರುವಾಗುತ್ತದೆ ಅಂತ ಅಲ್ಲೇ ಇರುವವರಿಗೂ ಖಚಿತವಾಗಿ ಗೊತ್ತಿರುವುದಿಲ್ಲ. ಗೂಡಿನ ಮೇಲೆ ಗೂಡು ತೋಡಿ, ಮೊದಲು ಬಂದವುಗಳ ಮೊಟ್ಟೆಯನ್ನು ಆಮೇಲೆ ಬಂದವು ಕೆದರಿ ಹೊರಹಾಕುವಷ್ಟು ದಟ್ಟಣೆ ಆಗುತ್ತದೆ. ಕೋಸ್ಟರಿಕಾದ ಒಸ್ತಿಯೊನಾಲ್‌ನಲ್ಲಿ ಇದೇ ಕಾರಣಕ್ಕೆ ಮೊದಲ ಒಂದೆರಡು ದಿನದ ಮೊಟ್ಟೆಗಳನ್ನು ಊರವರು ಕಾನೂನುಬದ್ಧವಾಗಿಯೇ ತೆಗೆಯುತ್ತಾರೆ. ಅದು ಅಲ್ಲಿನ ವಿಶೇಷ ಏರ್ಪಾಡು, ಬೇರೆ ಕಡೆ ಅದನ್ನೇ ಉದಾಹರಣೆ ಕೊಟ್ಟುಕೊಂಡು ಹೋಗಬೇಡಿ.

2. ಒಬ್ಬರೇ ಹೋಗಬೇಡಿ

ಪರವಾನಗಿ ಇರುವ ಗೈಡ್, ಅರಣ್ಯ ಇಲಾಖೆ ಅಥವಾ ಆ ದಂಡೆಯಲ್ಲಿ ಗಸ್ತು ತಿರುಗುವ ಸಂರಕ್ಷಣಾ ತಂಡ, ಇವರಲ್ಲಿ ಯಾರ ಜೊತೆಗಾದರೂ ಹೋಗಿ. ಟೋರ್ಟುಗೆರೋದಂಥ ಕಡೆ ರಾತ್ರಿ ಗೈಡ್ ಇಲ್ಲದೆ ದಂಡೆಗೆ ಕಾಲಿಡುವ ಹಾಗೇ ಇಲ್ಲ. ನಿಯಮ ಇಲ್ಲದ ದಂಡೆಯಲ್ಲೂ ಗೈಡ್ ಬೇಕು. ಕತ್ತಲಲ್ಲಿ ಆಮೆ ಈಗ ಯಾವ ಹಂತದಲ್ಲಿದೆ ಅಂತ ಹತ್ತಾರು ಅಡಿ ದೂರದಿಂದ ಮರಳು ಎರಚುವ ಸದ್ದಿನಲ್ಲೇ ಹೇಳಬಲ್ಲವರು ಅವರು. ನಮಗದು ಆಗುವುದಿಲ್ಲ.

ಒಳ್ಳೆಯ ಗೈಡ್ ಯಾರು ಅಂತ ತಿಳಿಯಲು ಹೊರಡುವ ಮುಂಚೆ ಒಂದೆರಡು ಪ್ರಶ್ನೆ ಕೇಳಿ. ಒಂದು ಆಮೆಯ ಸುತ್ತ ಎಷ್ಟು ಜನರನ್ನು ಬಿಡುತ್ತೀರಿ? ಫೋಟೋ ತೆಗೆಯಬಹುದಾ? "ಫ್ಲ್ಯಾಶ್ ಹಾಕಿ ತೆಗೀರಿ, ಏನೂ ಆಗಲ್ಲ" ಅಂದರೆ ಅಲ್ಲಿಂದಲೇ ವಾಪಸ್ ಬನ್ನಿ. "ಗ್ಯಾರಂಟಿ ತೋರಿಸ್ತೀನಿ" ಅನ್ನುವವರನ್ನೂ ನಂಬಬೇಡಿ. "ಇವತ್ತು ಸಿಗದೇ ಇರಬಹುದು" ಅಂತ ಮೊದಲೇ ಹೇಳುವ ಗೈಡ್ ಸಿಕ್ಕರೆ ಅವರ ಜೊತೆ ಧೈರ್ಯವಾಗಿ ಹೋಗಿ.

3. ಬಟ್ಟೆ, ಬೆಳಕು, ಫೋನ್

ಗಾಢ ಬಣ್ಣದ ಬಟ್ಟೆ ಹಾಕಿಕೊಳ್ಳಿ, ತೋಳು ಕಾಲು ಮುಚ್ಚುವಂಥದ್ದು. ಬಿಳಿ ಅಂಗಿ ಬೆಳದಿಂಗಳಲ್ಲಿ ದೂರದಿಂದಲೇ ಕಾಣುತ್ತದೆ. ಕೈಗಡಿಯಾರ ಹೊಳೆಯುವಂಥದ್ದಾದರೆ ಬಿಚ್ಚಿಡಿ, ಸ್ಮಾರ್ಟ್‌ವಾಚ್ ಕೈ ಎತ್ತಿದಾಗೆಲ್ಲ ತಾನೇ ಬೆಳಗುತ್ತದೆ. ಸಿಗರೇಟು ಬೇಡ.

ಟಾರ್ಚ್ ವಿಷಯಕ್ಕೆ ಬರೋಣ. ಮೊದಲ ಸಲಹೆ, ಟಾರ್ಚ್ ಹಾಕಬೇಡಿ. ಊರಿನ ಬೆಳಕಿನಿಂದ ದೂರ ಬಂದು ಇಪ್ಪತ್ತು ನಿಮಿಷ ತಾಳಿಕೊಂಡರೆ ಕಣ್ಣು ಕತ್ತಲಿಗೆ ಹೊಂದಿಕೊಳ್ಳುತ್ತದೆ, ನೀರಿನ ಅಂಚು, ಮರಳಿನ ಏರು, ಜನರ ಆಕಾರ ಎಲ್ಲ ಕಾಣಲು ಶುರುವಾಗುತ್ತದೆ. ಆ ಮಧ್ಯೆ ಯಾರಾದರೂ ಒಬ್ಬರು ಮೆಸೇಜ್ ಬಂತಾ ಅಂತ ಫೋನ್ ನೋಡಿದರೆ ಎಲ್ಲರ ಕಣ್ಣೂ ಮತ್ತೆ ಮೊದಲಿಂದ ಶುರು ಮಾಡಬೇಕು. ಬೇಕೇ ಬೇಕು ಅಂದರೆ ಕೆಂಪು ಎಲ್‌ಇಡಿ ಟಾರ್ಚ್, ಅದೂ ಗೈಡ್ ಕೈಯಲ್ಲಿ, ನೆಲದ ಕಡೆಗೆ. ಆಮೆಗಳ ಕಣ್ಣಿಗೆ ನೀಲಿ, ಹಸಿರು ಬೆಳಕು ಚೆನ್ನಾಗಿ ಕಾಣುತ್ತದೆ, ಕೆಂಪು ಅಷ್ಟಾಗಿ ಕಾಣುವುದಿಲ್ಲ. ಬಿಳಿ ಟಾರ್ಚ್ ಮೇಲೆ ಕೆಂಪು ಹಾಳೆ ಸುತ್ತಿಕೊಂಡು ಬರುವವರಿದ್ದಾರೆ, ಅದರ ಅಂಚಿನಿಂದ ಬಿಳಿ ಬೆಳಕು ಸೋರುತ್ತಲೇ ಇರುತ್ತದೆ, ನಂಬಬೇಡಿ.

ಫೋನನ್ನು ರೂಮಲ್ಲೇ ಬಿಟ್ಟು ಬನ್ನಿ ಅನ್ನುವುದು ನನ್ನ ಸ್ವಂತ ಅಭಿಪ್ರಾಯ. ಜೇಬಲ್ಲಿದ್ದರೆ ಕೈ ಸುಮ್ನಿರುವುದಿಲ್ಲ. ಕತ್ತಲಲ್ಲಿ ತೆಗೆದ ಫೋಟೋ ಹೇಗೂ ಚೆನ್ನಾಗಿ ಬರುವುದಿಲ್ಲ, ಅಲ್ವಾ?

4. ದಂಡೆಯ ಮೇಲೆ ನಡೆಯುವ ರೀತಿ

ನೀರಿನ ಅಂಚಿನ ಒದ್ದೆ ಮರಳಿನ ಮೇಲೆ, ಒಬ್ಬರ ಹಿಂದೆ ಒಬ್ಬರು ನಡೆಯಿರಿ. ಗೂಡುಗಳಿರುವುದು ಮೇಲಿನ ಒಣ ಮರಳಿನಲ್ಲಿ, ಬಳ್ಳಿ ಗಿಡ ಶುರುವಾಗುವ ಅಂಚಿನವರೆಗೆ. ಅಲ್ಲಿ ಹರಟುತ್ತಾ ಓಡಾಡಿದರೆ ಕಾಲಡಿಯಲ್ಲಿ ಏನಿದೆ ಅಂತ ನಿಮಗೆ ಗೊತ್ತೇ ಆಗುವುದಿಲ್ಲ.

ಒದ್ದೆ ಮರಳಲ್ಲಿ ನಡೆಯುವುದರ ಇನ್ನೊಂದು ಲಾಭ, ಆಮೆ ನೀರಿಂದ ಮೇಲೆ ಹೋದ ಜಾಡು ನಿಮ್ಮ ದಾರಿಗೆ ಅಡ್ಡವಾಗಿಯೇ ಸಿಗುತ್ತದೆ. ಟ್ರ್ಯಾಕ್ಟರ್ ಚಕ್ರ ಹೋದ ಹಾಗೆ ಕಾಣುತ್ತದೆ. ಇದನ್ನು ಓದುವುದನ್ನು ಸ್ವಲ್ಪ ಕಲಿತುಕೊಳ್ಳಿ, ನಿಜಕ್ಕೂ ಮಜಾ ಇದೆ. ಎಡ ಬಲ ಗುರುತುಗಳು ಒಂದಕ್ಕೊಂದು ಎದುರುಬದುರಾಗಿದ್ದರೆ ಆಮೆ ಎರಡೂ ಮುಂಗಾಲನ್ನು ಒಟ್ಟಿಗೆ ಎಸೆದು ಮೈಯನ್ನು ಮುಂದಕ್ಕೆ ಎಳೆದಿದೆ ಅಂತ ಅರ್ಥ: ಹಸಿರು ಆಮೆ ಅಥವಾ ಲೆದರ್‌ಬ್ಯಾಕ್. ಗುರುತುಗಳು ಹೆಜ್ಜೆ ಹಾಕಿದಂತೆ ಒಂದಾದ ಮೇಲೊಂದು ಇದ್ದರೆ ರಿಡ್ಲಿ, ಹಾಕ್ಸ್‌ಬಿಲ್ ಅಥವಾ ಲಾಗರ್‌ಹೆಡ್. ಅಗಲವನ್ನೂ ನೋಡಿ. ರಿಡ್ಲಿಯ ಜಾಡು ಒಂದು ಮೀಟರ್‌ಗಿಂತ ಕಮ್ಮಿ, ಹಸಿರು ಆಮೆಯದು ಸುಮಾರು ಒಂದು ಮೀಟರ್, ಲೆದರ್‌ಬ್ಯಾಕ್‌ನದು ಎರಡು ಮೀಟರ್ ಹತ್ತಿರ ಹೋಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಸಾಲುಗಳ ಲೆಕ್ಕ. ಮೇಲಕ್ಕೆ ಹೋದದ್ದು ಒಂದು, ಕೆಳಗೆ ಬಂದದ್ದು ಒಂದು, ಎರಡು ಸಾಲು ಇದ್ದರೆ ಆಮೆ ಹೋಗಿಯಾಗಿದೆ. ಒಂದೇ ಸಾಲು ಇದ್ದರೆ? ಅದು ಇನ್ನೂ ಮೇಲೇ ಇದೆ. ಅಲ್ಲೇ ನಿಲ್ಲಿ. ಗೈಡ್ ಒಬ್ಬರೇ ಹೋಗಿ ನೋಡಿಕೊಂಡು ಬರುವವರೆಗೆ ಒಂದು ಹೆಜ್ಜೆಯೂ ಮುಂದಿಡಬೇಡಿ.

ಎರಡು ಸಾಲು ಇದ್ದೂ ಮೇಲೆ ಮರಳು ಕೆದರಿದ ಗುರುತೇ ಇಲ್ಲದಿದ್ದರೆ ಅದು ಮೊಟ್ಟೆ ಇಡದೆ ವಾಪಸ್ ಹೋಗಿದೆ. ಮರಳು ಸರಿಯಿಲ್ಲದಿರಬಹುದು, ಬೇರು ಸಿಕ್ಕಿರಬಹುದು, ಬೆಳಕು ಕಂಡಿರಬಹುದು, ಯಾರೋ ನಡೆದಾಡಿರಬಹುದು. ಸಾಮಾನ್ಯವಾಗಿ ಅದೇ ರಾತ್ರಿಯೋ ಒಂದೆರಡು ದಿನದಲ್ಲೋ ಮತ್ತೆ ಪ್ರಯತ್ನ ಮಾಡುತ್ತದೆ.

5. ಆಮೆ ನೀರಿಂದ ಬರುವಾಗಲೇ ಕಂಡರೆ

ಇದ್ದಲ್ಲೇ ನಿಂತುಬಿಡಿ. ಕೂತರೆ ಇನ್ನೂ ಒಳ್ಳೆಯದು, ಮಲಗಿದರೆ ಮತ್ತೂ ಒಳ್ಳೆಯದು. ಓಡಿ ಹಿಂದೆ ಸರಿಯುವುದೂ ಚಲನೆಯೇ, ಅದೂ ಬೇಡ. ಅದು ನಿಮ್ಮ ಪಕ್ಕದಲ್ಲೇ ಹಾದು ಹೋದರೂ ಉಸಿರು ಬಿಗಿಹಿಡಿದು ಕೂತಿರಿ. ಪಿಸುಮಾತೂ ಬೇಡ.

ಅದು ಮೇಲೆ ಹೋಗಿ ಜಾಗ ಆರಿಸುತ್ತದೆ, ಮುಂಗಾಲುಗಳಿಂದ ಮರಳು ಎರಚಿ ತನ್ನ ಮೈ ಕೂರುವಷ್ಟು ತಗ್ಗು ಮಾಡಿಕೊಳ್ಳುತ್ತದೆ. ಆಮೇಲೆ ಹಿಂಗಾಲುಗಳಿಂದ ಮೊಟ್ಟೆಯ ಗುಳಿ ತೋಡಲು ಶುರು ಮಾಡುತ್ತದೆ. ಇಷ್ಟೂ ಹೊತ್ತು ನೀವು ದೂರದಲ್ಲೇ. ಹತ್ತಿರ ಹೋಗುವ ಆಸೆ ಅತಿ ಜಾಸ್ತಿ ಇರುವುದು ಈಗಲೇ, ಕೆಲಸ ಕೆಡುವುದೂ ಈಗಲೇ. ಮರಳು ಎರಚುವ ಜೋರು ಸದ್ದು ನಿಂತು ನಿಶ್ಶಬ್ದ ಆಯಿತು ಅಂದರೆ ಗುಳಿ ತೋಡುತ್ತಿದೆ ಅಂತ ಅರ್ಥ, ಮೊಟ್ಟೆ ಇಡುತ್ತಿದೆ ಅಂತಲ್ಲ. ಇದನ್ನು ತಪ್ಪು ತಿಳಿದು ಎದ್ದು ಹೋಗುವವರು ಬಹಳ.

6. ಮೊಟ್ಟೆ ಇಡುವ ಹೊತ್ತು

ಗೈಡ್ ಕೈಸನ್ನೆ ಮಾಡಿದ ಮೇಲೆ ಹೋಗಿ. ಹಿಂದಿನಿಂದಲೇ ಹೋಗಬೇಕು, ಮುಂದೆ ತಲೆಯ ಕಡೆ ಯಾರೂ ಸುಳಿಯಬಾರದು. ಬಗ್ಗಿಕೊಂಡು ಹೋಗಿ, ಹಿಂದೆ ಮಂಡಿಯೂರಿ ಕೂತುಕೊಳ್ಳಿ. ಗುಳಿಯ ಅಂಚಿಗೆ ತೀರಾ ಹತ್ತಿರ ಹೋದರೆ ಮರಳು ಕುಸಿಯುತ್ತದೆ, ಗೈಡ್ ಹೇಳಿದಷ್ಟೇ ಅಂತರದಲ್ಲಿರಿ.

ಗುಳಿ ತೋಡುವುದರ ಕೊನೆಯ ಭಾಗ ನೋಡಲು ಸಿಕ್ಕರೆ ನಿಮ್ಮ ಅದೃಷ್ಟ. ಒಂದು ಹಿಂಗಾಲು ಒಳಗಿಳಿಯುತ್ತದೆ, ತುದಿ ಒಳಕ್ಕೆ ಮಡಚಿಕೊಂಡು ಒಂದು ಹಿಡಿ ಮರಳನ್ನು ಎತ್ತುತ್ತದೆ, ಒಂದು ಕಾಳೂ ಬೀಳದ ಹಾಗೆ ಮೇಲೆ ತಂದು ಪಕ್ಕಕ್ಕೆ ಇಡುತ್ತದೆ. ಅದೇ ಕ್ಷಣಕ್ಕೆ ಇನ್ನೊಂದು ಕಾಲು ತನ್ನ ಪಕ್ಕದ ಮರಳನ್ನು ಮುಂದಕ್ಕೆ ಚಿಮ್ಮಿ ತಾನು ಒಳಗಿಳಿಯುತ್ತದೆ. ಎಡ, ಬಲ, ಎಡ, ಬಲ. ಆಮೆ ಹಿಂತಿರುಗಿ ನೋಡುವುದೇ ಇಲ್ಲ, ಎಲ್ಲ ಬರೀ ಸ್ಪರ್ಶದ ಮೇಲೆ. ಬಾಯಿ ಕಿರಿದಾಗಿ ಕೆಳಗೆ ಅಗಲವಾಗುವ ಗುಳಿ. ಶಾರ್ಕ್ ಕಚ್ಚಿಯೋ ಬಲೆಗೆ ಸಿಕ್ಕಿಯೋ ಒಂದು ಹಿಂಗಾಲು ಕಳೆದುಕೊಂಡ ಆಮೆಗಳೂ ಬರುತ್ತವೆ. ಅವೂ ಇದೇ ಸರದಿ ತಪ್ಪಿಸುವುದಿಲ್ಲ. ಒಳ್ಳೆಯ ಕಾಲು ಮರಳು ತೆಗೆದ ಮೇಲೆ ಮೋಟುಗಾಲಿನ ಸರದಿ, ಅದು ಗಾಳಿಯಲ್ಲೇ ಆಡುತ್ತದೆ, ಏನೂ ಸಿಗುವುದಿಲ್ಲ, ಮತ್ತೆ ಒಳ್ಳೆಯ ಕಾಲು. ಗುಳಿ ಅರೆಬರೆ ಆಗುತ್ತದೆ, ಕೆಲವು ಸಲ ಮೊಟ್ಟೆ ಹೊರಗೇ ಉಳಿಯುತ್ತವೆ. ಗಸ್ತಿನವರು ಅಂಥ ಕಡೆ ಕೈಯಿಂದ ಗುಳಿ ತೋಡಿ ಸಹಾಯ ಮಾಡುವುದುಂಟು. ಅದು ಅವರ ಕೆಲಸ, ನಾವು ಕೈ ಹಾಕುವಂತಿಲ್ಲ.

ಆಮೇಲೆ ಮೊಟ್ಟೆ. ಒಂದು, ಎರಡು, ಕೆಲವೊಮ್ಮೆ ಮೂರು ಒಟ್ಟಿಗೆ, ಲೋಳೆಯ ಜೊತೆ ಜಾರಿ ಬೀಳುತ್ತವೆ. ಕೋಳಿಮೊಟ್ಟೆಯ ಹಾಗೆ ಗಟ್ಟಿ ಸಿಪ್ಪೆ ಅಲ್ಲ, ಮೆತ್ತಗೆ, ತೊಗಲಿನಂಥದ್ದು. ಬಿದ್ದಾಗ ಒಡೆಯುವುದಿಲ್ಲ, ತುಸು ತಗ್ಗು ಬಿದ್ದರೂ ಏನಾಗುವುದಿಲ್ಲ. ಒಂದು ಸಲಕ್ಕೆ ಸುಮಾರು ನೂರು. ಜಾತಿಯ ಮೇಲೆ ಹೆಚ್ಚುಕಮ್ಮಿ ಆಗುತ್ತದೆ: ಹಾಕ್ಸ್‌ಬಿಲ್ ನೂರರ ಮೇಲೆ ಚೆನ್ನಾಗಿ ಹೋಗುತ್ತದೆ, ಫ್ಲಾಟ್‌ಬ್ಯಾಕ್ ಐವತ್ತರ ಆಸುಪಾಸು. ಒಂದೇ ಸೀಸನ್ನಿನಲ್ಲಿ ಸುಮಾರು ಎರಡು ವಾರಕ್ಕೊಮ್ಮೆ ಅದೇ ಆಮೆ ಮತ್ತೆ ಬರಬಹುದು, ಆಮೇಲೆ ಬಹಳಷ್ಟು ಜಾತಿಗಳಲ್ಲಿ ಅದು ಕೆಲವು ವರ್ಷ ಈ ಕಡೆ ತಲೆ ಹಾಕುವುದಿಲ್ಲ.

ಕಣ್ಣಿಂದ ನೀರು ಸುರಿಯುವುದು ಕಾಣಿಸುತ್ತದೆ. ಹೆರಿಗೆ ನೋವಿಗೆ ಅಳುತ್ತಿದೆ ಅಂತ ಗುಂಪಿನಲ್ಲಿ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ. ಅಲ್ಲ. ಸಮುದ್ರದ ನೀರಿನಿಂದ ಮೈಗೆ ಸೇರಿದ ಉಪ್ಪನ್ನು ಕಣ್ಣಿನ ಹತ್ತಿರದ ಗ್ರಂಥಿಗಳು ಹೊರಹಾಕುತ್ತಿರುತ್ತವೆ. ನೀರಲ್ಲಿರುವಾಗಲೂ ಇದು ನಡೆಯುತ್ತಲೇ ಇರುತ್ತದೆ, ನಮಗೆ ಕಾಣುವುದಿಲ್ಲ ಅಷ್ಟೇ.

ಈ ಹೊತ್ತಿನಲ್ಲೂ ಮಾಡಬಾರದ್ದು: ಚಿಪ್ಪು ಮುಟ್ಟುವುದು, ಮೊಟ್ಟೆ ಎತ್ತಿ ನೋಡುವುದು, ಮಗುವನ್ನು ಪಕ್ಕದಲ್ಲಿ ನಿಲ್ಲಿಸಿ ಫೋಟೋ, ಮೇಲೆ ಕೂರಿಸುವುದು. ಕೊನೆಯದನ್ನು ಬರೆಯಬೇಕಾಗಿ ಬಂದದ್ದೇ ಬೇಸರ. ಆಮೆ ಅಲ್ಲಾಡದೆ ಕೂತಿದೆ ಅಂದ ಮಾತ್ರಕ್ಕೆ ಅದಕ್ಕೆ ಏನೂ ಅನಿಸುವುದಿಲ್ಲ ಅಂತಲ್ಲ.

ಹತ್ತಿಪ್ಪತ್ತು ನಿಮಿಷಕ್ಕೆ ಇದು ಮುಗಿಯುತ್ತದೆ. ಗೈಡ್ ಹಿಂದೆ ಸರಿಯಿರಿ ಅಂದ ತಕ್ಷಣ ಸರಿಯಿರಿ.

7. ಮುಚ್ಚುವುದು, ವಾಪಸ್ ಹೋಗುವುದು

ಹಿಂಗಾಲುಗಳಿಂದ ಮರಳು ಎಳೆದು ಗುಳಿ ಮುಚ್ಚುತ್ತದೆ. ರಿಡ್ಲಿ ಆದರೆ ಮೈಯನ್ನು ಎಡಕ್ಕೂ ಬಲಕ್ಕೂ ವಾಲಿಸಿ ದಪ್ ದಪ್ ಅಂತ ಮರಳನ್ನು ಬಡಿದು ಗಟ್ಟಿ ಮಾಡುತ್ತದೆ, ಹತ್ತಿರ ಕೂತರೆ ಆ ಅದುರು ನೆಲದಲ್ಲೇ ಗೊತ್ತಾಗುತ್ತದೆ. ಹಸಿರು ಆಮೆ ಮುಂಗಾಲುಗಳಿಂದ ಬಹಳ ಹೊತ್ತು ಮರಳು ಎರಚುತ್ತಾ ಮುಂದೆ ಮುಂದೆ ಹೋಗುತ್ತದೆ, ಕೊನೆಗೆ ಗೂಡು ನಿಜವಾಗಿ ಎಲ್ಲಿತ್ತು ಅಂತ ಹುಡುಕುವುದೇ ಕಷ್ಟ. ಹಿಂದೆ ನಿಂತರೆ ಮುಖಕ್ಕೆ ಮರಳು ಗ್ಯಾರಂಟಿ. ಬಹಳ ಜನರ ಕಣ್ಣು ಉರಿಯುವುದು ಇಲ್ಲೇ.

ಅದು ನೀರಿನ ಕಡೆ ತಿರುಗಿದ ಮೇಲೆ ದಾರಿ ಬಿಡಿ. ಮುಂದೆ ಹೋಗಿ ನಿಲ್ಲಬೇಡಿ, ಹಿಂದೆ ದೂರದಲ್ಲಿ ಬನ್ನಿ. ಸಮುದ್ರದ ಕಡೆ ಟಾರ್ಚ್ ಹಿಡಿದು ದಾರಿ ತೋರಿಸುವುದೂ ಬೇಡ, ಅದಕ್ಕೆ ದಾರಿ ಗೊತ್ತು.

ಗೂಡಿನ ಜಾಗವನ್ನು ಕೋಲು ಚುಚ್ಚಿ ಹುಡುಕುವುದು, ಕಲ್ಲಿಟ್ಟು ಗುರುತು ಮಾಡುವುದು ಬೇಡ. ಗುರುತು ಕಂಡರೆ ಕಳ್ಳರಿಗೂ ಅನುಕೂಲ. "ಮೊಟ್ಟೆ ಸಮುದ್ರಕ್ಕೆ ತೀರಾ ಹತ್ತಿರ ಇದೆ, ಮೇಲೆ ಇಟ್ಟುಬಿಡೋಣ" ಅನ್ನುವ ಒಳ್ಳೆಯ ಮನಸ್ಸಿನವರು ತುಂಬ ಇದ್ದಾರೆ. ಮೊಟ್ಟೆ ಇಟ್ಟ ಕೆಲವೇ ಗಂಟೆಗಳಲ್ಲಿ ಒಳಗಿನ ಭ್ರೂಣ ಸಿಪ್ಪೆಯ ಒಳಪದರಕ್ಕೆ ಅಂಟಿಕೊಳ್ಳಲು ಶುರುವಾಗುತ್ತದೆ. ಆಮೇಲೆ ಮೊಟ್ಟೆಯನ್ನು ತಿರುಗಿಸಿದರೆ, ಅಲುಗಾಡಿಸಿದರೆ ಅದು ಕಿತ್ತುಕೊಂಡು ಸಾಯುತ್ತದೆ. ತರಬೇತಿ ಇರುವವರು ಸ್ಥಳ ಬದಲಿಸುವುದಾದರೂ ಆ ಅವಧಿಯೊಳಗೆ, ಅನುಮತಿ ಇಟ್ಟುಕೊಂಡು ಮಾಡುತ್ತಾರೆ. ನಿಮಗೆ ಅನುಮಾನ ಇದ್ದರೆ ಗಸ್ತಿನವರಿಗೆ ಜಾಗ ಹೇಳಿ, ಅಷ್ಟು ಸಾಕು.

8. ಮರಿಗಳು ಬರುವ ಕಾಲಕ್ಕೆ ಹೋಗಿದ್ದರೆ

ಗೂಡಿನೊಳಗೆ ನಡೆಯುವುದನ್ನು ಸ್ವಲ್ಪ ತಿಳಿದುಕೊಂಡು ಹೋದರೆ ಕಾಯುವುದು ಸುಲಭ. ಮರಳಿನ ಬಿಸಿಯೇ ಮರಿ ಗಂಡಾಗುತ್ತದಾ ಹೆಣ್ಣಾಗುತ್ತದಾ ಅಂತ ತೀರ್ಮಾನಿಸುವುದು. ಸುಮಾರು 29 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಎರಡೂ ಬರುತ್ತವೆ, ಬಿಸಿ ಜಾಸ್ತಿಯಾದರೆ ಹೆಣ್ಣು, ತಂಪಾದರೆ ಗಂಡು. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನ ಉತ್ತರ ಭಾಗದಲ್ಲಿ ಹುಟ್ಟುವ ಹಸಿರು ಆಮೆಗಳ ಎಳೆಯ ಪ್ರಾಯದವುಗಳಲ್ಲಿ 99 ಶೇಕಡಕ್ಕೂ ಹೆಚ್ಚು ಹೆಣ್ಣು ಅಂತ 2018ರಲ್ಲಿ ಬಂದ ಅಧ್ಯಯನ ತೋರಿಸಿತು. ನೆರಳು ಕೊಡುವ ಗಿಡಮರ ಕಡಿದು ದಂಡೆ ಬೋಳು ಮಾಡಿದರೆ ಏನಾಗಬಹುದು ಅಂತ ಇದರಿಂದಲೇ ಊಹಿಸಿ.

ಮೊಟ್ಟೆ ಒಡೆದ ಮೇಲೂ ಮರಿಗಳು ತಕ್ಷಣ ಹೊರಬರುವುದಿಲ್ಲ. ಕೆಲವು ದಿನ ಒಳಗೇ ಎಲ್ಲ ಸೇರಿ ಒದ್ದಾಡುತ್ತಾ, ಮೇಲಿನ ಮರಳನ್ನು ಕೆಳಗೆ ಬೀಳಿಸಿಕೊಂಡು ಅದರ ಮೇಲೇರುತ್ತಾ ಬರುತ್ತವೆ. ಮೇಲ್ಪದರ ಬಿಸಿಯಿದ್ದರೆ ಅದರ ಕೆಳಗೇ ತಡೆದು ನಿಲ್ಲುತ್ತವೆ, ಮರಳು ತಣ್ಣಗಾದರೆ ಕತ್ತಲಾಯಿತು ಅಂತ ಅವಕ್ಕೆ ಸೂಚನೆ. ಹೊರಬರುವ ಮುಂಚೆ ಮರಳು ಒಂದು ಕಡೆ ತಗ್ಗಾಗಿ ಕುಸಿದಿರುತ್ತದೆ. ಆಮೇಲೆ ಒಂದು ಮೂಗು, ಎರಡು ಮೂಗು, ಇದ್ದಕ್ಕಿದ್ದಂತೆ ಇಡೀ ತಗ್ಗೇ ಕುದಿದ ಹಾಗೆ ಎಲ್ಲ ಒಟ್ಟಿಗೆ.

ಇನ್ನು ನಿಮ್ಮ ಕೆಲಸ. ಗೂಡಿಗೂ ನೀರಿಗೂ ನಡುವೆ ಇರಬೇಡಿ. ಗೂಡಿನ ಹಿಂಬದಿಗೆ ಹೋಗಿ, ಕಾಲು ಎತ್ತದೆ ಅಲ್ಲೇ ಕೂತುಬಿಡಿ. ಮರಿ ಬರೀ ನಾಲ್ಕೈದು ಸೆಂಟಿಮೀಟರ್, ಕಪ್ಪಗಿರುತ್ತದೆ, ಕತ್ತಲಲ್ಲಿ ತುಳಿದರೆ ತುಳಿದದ್ದೂ ಗೊತ್ತಾಗುವುದಿಲ್ಲ. ಕೆಂಪು ಬೆಳಕೂ ಬೇಡ. ಮರಿಗಳು ಹೋಗುವುದು ಕೆಳಮಟ್ಟದಲ್ಲಿ ಬೆಳಗುವ ದಿಗಂತದ ಕಡೆಗೆ, ಮರಗಿಡಗಳ ಎತ್ತರದ ಕಪ್ಪು ನೆರಳಿನಿಂದ ದೂರಕ್ಕೆ. ಸಾವಿರಾರು ವರ್ಷ ಅದು ಸಮುದ್ರವೇ ಆಗಿತ್ತು. ಈಗ ಹೋಟೆಲಿನ ದೀಪವೂ ಆಗಿರಬಹುದು, ನಿಮ್ಮ ಫೋನೂ ಆಗಿರಬಹುದು.

ಎತ್ತಿ ನೀರಿಗೆ ಬಿಡೋಣ ಅನಿಸುತ್ತದೆ, ಖಂಡಿತ ಅನಿಸುತ್ತದೆ. ಏಡಿಯೊಂದು ಬಿಲದಿಂದ ಬಂದು ಒಂದು ಮರಿಯನ್ನು ಎಳೆದುಕೊಂಡು ಹೋಗುವುದನ್ನು ಕೈಕಟ್ಟಿ ನೋಡುವುದು ಸುಲಭವಲ್ಲ. ಆದರೂ ಬಿಡಬೇಕು. ದಂಡೆಯಿಂದ ಅಲೆಗೆ, ಅಲೆಯಿಂದ ಆಳಕ್ಕೆ ಹೋಗುವ ಆ ದಾರಿಯಲ್ಲೇ ಮರಿ ದಿಕ್ಕು ಹಿಡಿಯುವುದನ್ನು ಶುರು ಮಾಡುತ್ತದೆ. ಮುಂದೆ ಭೂಮಿಯ ಕಾಂತಶಕ್ತಿಯನ್ನು ಬಳಸಿ ಸಾಗುತ್ತದೆ, ಹೆಣ್ಣಾದರೆ ದೊಡ್ಡದಾದ ಮೇಲೆ ತಾನು ಹುಟ್ಟಿದ ಪ್ರದೇಶಕ್ಕೇ ಮರಳುತ್ತದೆ. ಹಸಿರು ಆಮೆಗೆ ಆ ವಯಸ್ಸಿಗೆ ಬರಲು ಇಪ್ಪತ್ತು ವರ್ಷ, ಇನ್ನೂ ಜಾಸ್ತಿಯೂ ಬೇಕಾಗುತ್ತದೆ.

ಕೈ ಹಾಕಬೇಕಾದ ಸಂದರ್ಭ ಒಂದಿದೆ. ಮರಿಗಳು ದಾರಿ ತಪ್ಪಿ ರಸ್ತೆ ಕಡೆಗೋ ಕಟ್ಟಡದ ಕಡೆಗೋ ಹೋಗುತ್ತಿದ್ದರೆ ಮೊದಲು ಆ ದೀಪ ಆರಿಸಿ. ನಿಮ್ಮ ಕೈಲಾಗದಿದ್ದರೆ ದೀಪ ಯಾರದೋ ಅವರನ್ನು ಎಬ್ಬಿಸಿ. ಆಮೇಲೆ ಸಂರಕ್ಷಣಾ ತಂಡಕ್ಕೆ ಅಥವಾ ವನ್ಯಜೀವಿ ಅಧಿಕಾರಿಗಳಿಗೆ ಫೋನ್ ಮಾಡಿ, ಅವರು ಹೇಳಿದ ಹಾಗೆ ಮಾಡಿ. ಅವರು ಬರುವವರೆಗೆ ಮರಿಗಳನ್ನು ಇಡಲು ಹೇಳಿದರೆ ಒದ್ದೆ ಮರಳು ಹಾಕಿದ ಬಕೆಟ್, ನೆರಳಲ್ಲಿ. ನೀರು ತುಂಬಿದ ಬಕೆಟ್ ಅಲ್ಲ. ನೀರು ಸಿಕ್ಕರೆ ಮರಿ ಈಜುತ್ತಲೇ ಇರುತ್ತದೆ, ಮೊದಲ ಒಂದು ದಿನ ನಿಲ್ಲಿಸದೆ ಈಜಿ ದಂಡೆಯಿಂದ ದೂರ ಹೋಗಲು ಹೊಟ್ಟೆಯೊಳಗೆ ಉಳಿಸಿಕೊಂಡು ಬಂದ ಮೊಟ್ಟೆಯ ಹಳದಿ ಭಾಗದ ಶಕ್ತಿ ಬಕೆಟ್ಟಿನಲ್ಲೇ ಖರ್ಚಾಗಿ ಹೋಗುತ್ತದೆ.

ಇದೇ ಲೆಕ್ಕದಲ್ಲಿ "ನಿಮ್ಮ ಕೈಯಿಂದಲೇ ಮರಿ ಬಿಡಿ" ಅನ್ನುವ ಕಾರ್ಯಕ್ರಮಗಳನ್ನೂ ಅಳೆಯಿರಿ. ಮರಿಗಳನ್ನು ತೊಟ್ಟಿಯಲ್ಲಿ ದಿನಗಟ್ಟಲೆ ಇಟ್ಟುಕೊಂಡು ಪ್ರವಾಸಿಗರು ಸೇರಿದಾಗ ಬಿಡುತ್ತಿದ್ದಾರಾ? ಬಿಸಿಲಲ್ಲಿ ಬಿಡುತ್ತಿದ್ದಾರಾ? ಎಲ್ಲರ ಕೈಗೂ ಒಂದೊಂದು ಕೊಡುತ್ತಿದ್ದಾರಾ? ಹಾಗಿದ್ದರೆ ದುಡ್ಡು ಕೊಡಬೇಡಿ. ಗೂಡಿಂದ ಹೊರಬಂದ ರಾತ್ರಿಯೇ ಅಥವಾ ಬೆಳಕು ಹರಿಯುವ ಮುಂಚೆ, ದಂಡೆಯ ಮೇಲೆ ನಡೆಯಲು ಬಿಟ್ಟು, ಜನರನ್ನು ಹಗ್ಗದ ಆಚೆ ನಿಲ್ಲಿಸುವವರು ನೆಟ್ಟಗೆ ಕೆಲಸ ಮಾಡುತ್ತಿದ್ದಾರೆ.

9. ದಂಡೆ ಪಕ್ಕದಲ್ಲೇ ಉಳಿದಿದ್ದರೆ

ಸಮುದ್ರದ ಕಡೆ ಮುಖ ಮಾಡಿದ ದೀಪ ಆರಿಸಿ, ಪರದೆ ಎಳೆಯಿರಿ. ದೀಪ ಬೇಕೇ ಬೇಕು ಅನ್ನುವ ಜಾಗದಲ್ಲಿ ಅದು ತಗ್ಗಿನಲ್ಲಿರಲಿ, ಮೇಲಿನಿಂದ ಮುಚ್ಚಿರಲಿ, ಬಣ್ಣ ಅಂಬರ್ ಅಥವಾ ಕೆಂಪಿರಲಿ, 560 ನ್ಯಾನೋಮೀಟರ್‌ಗಿಂತ ಹೆಚ್ಚಿನ ತರಂಗಾಂತರದ್ದು. ಬಿಳಿ ಎಲ್‌ಇಡಿಗೆ ಹಳದಿ ಗಾಜು ಹಾಕಿದರೆ ಆಯಿತು ಅಂದುಕೊಳ್ಳಬೇಡಿ.

ಸಂಜೆ ಮಕ್ಕಳು ತೋಡಿದ ಗುಂಡಿ ಮುಚ್ಚಿ, ಮರಳಿನ ಗೋಪುರ ಕೆಡವಿ, ಕುರ್ಚಿ ಛತ್ರಿ ಒಳಗೆ ತನ್ನಿ. ಒಂದು ಮೊಳ ಆಳದ ಗುಂಡಿಗೆ ಬಿದ್ದ ಮರಿ ಮೇಲೆ ಬರಲಾರದು. ದಂಡೆಯಲ್ಲಿ ಬೆಂಕಿ ಹಾಕಬೇಡಿ, ಮರಿಗಳು ಅದರ ಕಡೆಗೇ ತೆವಳುತ್ತವೆ. ಗಾಡಿ ಓಡಿಸಬೇಡಿ. ನಾಯಿಯನ್ನು ರಾತ್ರಿ ಕಟ್ಟಿಹಾಕಿ, ಮೊಟ್ಟೆಯ ವಾಸನೆ ಹಿಡಿಯುವುದರಲ್ಲಿ ಅದಕ್ಕಿಂತ ಚುರುಕಿನದು ಇನ್ನೊಂದಿಲ್ಲ.

ಅಂಗಡಿಯಲ್ಲಿ ಆಮೆ ಚಿಪ್ಪಿನ ಬಾಚಣಿಗೆ, ಬಳೆ ಕಂಡರೆ ಮುಟ್ಟಬೇಡಿ. ಅದು ಬಹುಪಾಲು ಹಾಕ್ಸ್‌ಬಿಲ್‌ನ ಚಿಪ್ಪು. ಏಳೂ ಜಾತಿ ಸೈಟಿಸ್ ಅನ್ನುವ, ಕಾಡುಪ್ರಾಣಿ ಗಿಡಗಳ ಅಂತಾರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಒಪ್ಪಂದದ ಮೊದಲ ಪಟ್ಟಿಯಲ್ಲಿವೆ, ಗಡಿ ದಾಟಿಸಿದರೆ ವಿಮಾನ ನಿಲ್ದಾಣದಲ್ಲೇ ಸಿಕ್ಕಿಬೀಳುತ್ತೀರಿ.

10. ಗಾಯಗೊಂಡ ಅಥವಾ ಸತ್ತ ಆಮೆ ಸಿಕ್ಕರೆ

ಜೀವ ಇರುವ ಆಮೆ ಹಗಲಲ್ಲಿ ದಂಡೆಗೆ ಬಿದ್ದುಕೊಂಡಿದ್ದರೆ ನೀರಿಗೆ ತಳ್ಳಬೇಡಿ. ಎಲ್ಲರೂ ಮೊದಲು ಮಾಡುವುದು ಅದನ್ನೇ. ಆಮೆ ಉಸಿರಾಡುವುದು ಗಾಳಿ, ನಿತ್ರಾಣವಾಗಿರುವ ಆಮೆ ನೀರಲ್ಲಿ ತಲೆ ಎತ್ತಲಾರದೆ ಮುಳುಗಿ ಸಾಯುತ್ತದೆ. ಕಾಲು ಹಿಡಿದು ಎಳೆಯಬೇಡಿ. ನೆರಳು ಮಾಡಿ, ಚಿಪ್ಪಿನ ಮೇಲೆ ಒದ್ದೆ ಬಟ್ಟೆ ಹಾಕಿ, ಮೂಗು ಬಾಯಿ ಮುಚ್ಚದ ಹಾಗೆ. ಜನರನ್ನು, ನಾಯಿಗಳನ್ನು ದೂರ ಇಟ್ಟು ವನ್ಯಜೀವಿ ಅಧಿಕಾರಿಗಳಿಗೆ ಫೋನ್ ಮಾಡಿ. ಮೈಗೆ ಬಲೆ ಸುತ್ತಿಕೊಂಡಿದ್ದರೆ, ಬಾಯಿಂದ ಗಾಳದ ದಾರ ನೇತಾಡುತ್ತಿದ್ದರೆ ಜಗ್ಗಬೇಡಿ, ಒಳಗೆ ಎಲ್ಲಿ ಸಿಕ್ಕಿಕೊಂಡಿದೆಯೋ ಗೊತ್ತಿರುವುದಿಲ್ಲ. ಬಲೆಯಲ್ಲಿ ಸಿಕ್ಕಿ ಸತ್ತ ಹಾಗೆ ಕಾಣುವ ಆಮೆ ಬರೀ ಪ್ರಜ್ಞೆ ತಪ್ಪಿರುವುದೂ ಉಂಟು, ಹಾಗಾಗಿ ಸತ್ತಿದೆ ಅಂತ ನೀವೇ ತೀರ್ಮಾನ ಮಾಡಿ ಬಿಟ್ಟು ಹೋಗಬೇಡಿ.

ಮುಂಗಾಲಿನ ಅಂಚಿನಲ್ಲಿ ಸಣ್ಣ ಲೋಹದ ಬಿಲ್ಲೆ ಇದೆಯಾ ನೋಡಿ. ಸಂಶೋಧಕರು ಹಾಕಿದ ಟ್ಯಾಗ್ ಅದು, ಒಂದು ಬದಿಗೆ ಸಂಖ್ಯೆ, ಇನ್ನೊಂದು ಬದಿಗೆ ಯಾರಿಗೆ ತಿಳಿಸಬೇಕು ಅನ್ನುವ ವಿಳಾಸ ಇರುತ್ತದೆ. ಕೀಳಬೇಡಿ. ಎರಡೂ ಬದಿ ಬರೆದುಕೊಳ್ಳಿ, ಜಾಗ, ದಿನಾಂಕ, ಚಿಪ್ಪಿನ ಉದ್ದ ಸೇರಿಸಿ ಆ ವಿಳಾಸಕ್ಕೆ ಕಳಿಸಿ. ಹಗಲಾಗಿದ್ದರೆ ಫೋಟೋ ಕೂಡ ತೆಗೆಯಿರಿ, ತಲೆ ಮತ್ತು ಚಿಪ್ಪು ಪೂರ್ತಿ ಕಾಣುವ ಹಾಗೆ, ಜಾತಿ ಯಾವುದು ಅಂತ ಅವರು ಅದರಿಂದಲೇ ಹೇಳುತ್ತಾರೆ.